ಚಳಿಯಲ್ಲಿ ನಾಯಿ, ಬೆಕ್ಕು ಜೊತೆ ಪ್ರಯಾಣ: ಗಾಡಿ ನಿಂತಾಗಲೇ ಹುಷಾರು

ಚಳಿಗಾಲದಲ್ಲಿ ನಾಯಿಯನ್ನೋ ಬೆಕ್ಕನ್ನೋ ಕರೆದುಕೊಂಡು ದೂರ ಹೋಗಬೇಕು ಅಂದರೆ ಎಲ್ಲರೂ ಮೊದಲು ಹುಡುಕುವುದು ಸ್ವೆಟರ್. ಸ್ವೆಟರ್ ಬೇಡ ಅಂತ ಹೇಳುತ್ತಿಲ್ಲ. ಆದರೆ ಓಡುತ್ತಿರುವ ಗಾಡಿಯಲ್ಲಿ ಹೀಟರ್ ಹಾಕಿಕೊಂಡು ಕೂತಿರುವಾಗ ಚಳಿಯ ತೊಂದರೆ ಆಗುವುದು ಕಡಿಮೆ. ತೊಂದರೆ ಶುರುವಾಗುವುದು ಗಾಡಿ ನಿಂತ ಮೇಲೆ. ‘ಐದೇ ನಿಮಿಷ’ ಅಂತ ಒಳಗೆ ಬಿಟ್ಟು ಹೋದಾಗ, ಉಚ್ಚೆ ಮಾಡಿಸಲು ಇಳಿಸಿ ಒದ್ದೆ ಕಾಲಲ್ಲೇ ಮತ್ತೆ ಹತ್ತಿಸಿದಾಗ, ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುವಾಗ, ರಾತ್ರಿ ಹೊಸ ಕೋಣೆಯಲ್ಲಿ ಹೀಟರ್ ಪಕ್ಕ ಮಲಗಿಸಿದಾಗ. ಹಾಗಾಗಿ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕ ಆಮೇಲೆ ಇರಲಿ. ಎಲ್ಲೆಲ್ಲಿ ನಿಲ್ಲುತ್ತೇವೆ, ಅಲ್ಲಿ ಎಷ್ಟು ಹೊತ್ತು, ಆಗ ಪ್ರಾಣಿ ಎಲ್ಲಿರುತ್ತದೆ, ಇದನ್ನು ಮೊದಲು ಯೋಚಿಸಿ.

ಕರೆದುಕೊಂಡು ಹೋಗಲೇಬೇಕಾ?

ನಂಬಿಕೆಯವರು ಯಾರಾದರೂ ಮನೆಗೇ ಬಂದು ನೋಡಿಕೊಳ್ಳುತ್ತಾರೆ ಅಂದರೆ ಬೆಕ್ಕಿಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಊರು ಸುತ್ತುವ ಆಸೆ ನಮ್ಮದು, ಅದರದ್ದಲ್ಲ. ನಾಯಿಯದು ಸ್ವಲ್ಪ ಬೇರೆ, ಅದಕ್ಕೆ ನಮ್ಮ ಜೊತೆ ಇರುವುದೇ ಮುಖ್ಯ. ಆದರೂ ಯಾವ ನಾಯಿ ಅನ್ನುವುದನ್ನು ನೋಡಬೇಕು.

ಮೈಮೇಲೆ ಕೊಬ್ಬೇ ಇಲ್ಲದ ಗ್ರೇಹೌಂಡ್, ವಿಪೆಟ್ ಬೇಗ ತಣ್ಣಗಾಗುತ್ತವೆ. ಪುಟ್ಟ ಚಿವಾವಾ ಕೂಡ ಹಾಗೇ. ಡ್ಯಾಶ್‌ಹುಂಡ್ ಕಾಲು ಗಿಡ್ಡ, ಹಿಮದಲ್ಲಿ ನಡೆದರೆ ಹೊಟ್ಟೆಯೇ ನೆಲಕ್ಕೆ ತಾಗುತ್ತದೆ. ಮರಿಗಳಿಗೆ, ವಯಸ್ಸಾದವಕ್ಕೆ, ಹೃದಯದ ತೊಂದರೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರುವವಕ್ಕೆ ಮೈ ಬಿಸಿ ಕಾಪಾಡಿಕೊಳ್ಳುವುದು ಕಷ್ಟ. ಕೀಲು ನೋವಿನ ನಾಯಿಗೆ ಚಳಿಯಲ್ಲಿ ನೋವು ಜಾಸ್ತಿ ಆಗುತ್ತದೆ, ಜಾರುವ ನೆಲ ಬೇರೆ. ಹಸ್ಕಿ, ಮಲಮ್ಯೂಟ್ ಥರದವಕ್ಕೆ ಚಳಿ ಅಂದರೆ ಖುಷಿ, ನಿಜ. ಆದರೆ ವರ್ಷಪೂರ್ತಿ ಬೆಚ್ಚಗಿನ ಮನೆಯಲ್ಲೇ ಬೆಳೆದ ಹಸ್ಕಿಯನ್ನು ಏಕಾಏಕಿ ಹಿಮಕ್ಕೆ ಇಳಿಸಿ ‘ಇದರ ಜಾತಿಗೆ ಏನೂ ಆಗಲ್ಲ’ ಅನ್ನುವುದು ತಪ್ಪು, ಯಾಕೆಂದರೆ ಒಳಗಿನ ದಟ್ಟ ತುಪ್ಪಳ ಬೆಳೆಯುವುದಕ್ಕೆ, ಮೈ ಹೊಂದಿಕೊಳ್ಳುವುದಕ್ಕೆ ವಾರಗಟ್ಟಲೆ ಬೇಕು.

ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಬಹುತೇಕ ನಾಯಿಗಳಿಗೆ ತೊಂದರೆ ಇಲ್ಲ. ಅಲ್ಲಿಂದ ಕೆಳಗಿಳಿದರೆ ತೆಳು ಕೂದಲಿನವು ನಡುಗಲು ಶುರು ಮಾಡುತ್ತವೆ. ಸೊನ್ನೆಗಿಂತ ಕೆಳಗೆ ಚಿಕ್ಕವನ್ನೂ ವಯಸ್ಸಾದವನ್ನೂ ಜಾಸ್ತಿ ಹೊತ್ತು ಹೊರಗೆ ಬಿಡಬಾರದು. ಮೈನಸ್ 7 ದಾಟಿದರೆ ಎಲ್ಲ ನಾಯಿಗಳ ಮೇಲೂ ಕಣ್ಣಿರಬೇಕು. ಇದು ಮೈ ಒಣಗಿದ್ದಾಗ, ಗಾಳಿ ಇಲ್ಲದಿದ್ದಾಗಿನ ಲೆಕ್ಕ. ಕೂದಲು ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಒದ್ದೆಯಾದರೆ ಆ ಗಾಳಿ ಹೋಗಿ ನೀರು ತುಂಬಿಕೊಳ್ಳುತ್ತದೆ, ಆಮೇಲೆ 7 ಡಿಗ್ರಿಯೂ ಅಪಾಯವೇ.

ಗಾಳಿಯ ಲೆಕ್ಕವನ್ನೂ ಒಂದು ಸಲ ನೋಡಿ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ, ಮನುಷ್ಯರ ಚರ್ಮಕ್ಕೆ ಹಾಕಿರುವ ಸೂತ್ರದ ಪ್ರಕಾರ ಸುಮಾರು ಮೈನಸ್ 9ರ ಚಳಿ ಅನ್ನಿಸುತ್ತದೆ. ತೆರೆದ ಟ್ರಕ್ಕಿನ ಹಿಂದೆ, ಸ್ಕೂಟರಿನ ಕಾಲಿಡುವ ಜಾಗದಲ್ಲಿ, ಕಿಟಕಿಯಿಂದ ತಲೆ ಹೊರಗೆ ಹಾಕಿಸಿಕೊಂಡು ಹೋಗುವ ನಾಯಿಗೆ ಆಗುತ್ತಿರುವುದು ಇದೇ. ಫೋಟೋ ಚೆನ್ನಾಗಿ ಬರುತ್ತದೆ, ಕಿವಿ ತುದಿಗೆ ಮಾತ್ರ ಚೆನ್ನಾಗಿರುವುದಿಲ್ಲ.

ಹೊರಡುವ ಮೊದಲು ವೆಟ್ (ಪಶುವೈದ್ಯರ) ಹತ್ತಿರ

ಹೊರಡುವ ಹಿಂದಿನ ದಿನ ಓಡಬೇಡಿ, ಒಂದೆರಡು ವಾರ ಮೊದಲೇ ಹೋಗಿ. ಕೇಳಬೇಕಾದ ಮುಖ್ಯ ಪ್ರಶ್ನೆ ಔಷಧಿಯದ್ದು. ‘ದಾರಿಯಲ್ಲಿ ಸುಮ್ನೆ ಮಲಗಿರಲಿ’ ಅಂತ ನಿದ್ದೆ ಬರಿಸುವ ಮಾತ್ರೆ ಕೇಳುವವರು ಬಹಳ. ಅಸಿಪ್ರೊಮಜಿನ್ ಥರದ ಮಾತ್ರೆಗಳು ರಕ್ತದ ಒತ್ತಡ ಇಳಿಸುತ್ತವೆ, ಮೈ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನೂ ಕೆಡಿಸುತ್ತವೆ. ಚಳಿಯಲ್ಲಿ ಇದು ಎರಡು ಪಟ್ಟು ಕೆಟ್ಟದ್ದು. ವಾಂತಿ ಬರುವ ನಾಯಿಗೆ ಮರೋಪಿಟಂಟ್, ತುಂಬ ಹೆದರುವ ಬೆಕ್ಕಿಗೆ ಗ್ಯಾಬಪೆಂಟಿನ್ ಕೊಡುವುದುಂಟು. ಇವಕ್ಕೂ ಡೋಸ್ ವೆಟ್ ಹೇಳಬೇಕು, ಮತ್ತು ಮೊದಲ ಸಲ ಕೊಡುವುದು ಮನೆಯಲ್ಲಿ, ಹೊರಡುವ ದಿನಕ್ಕೆ ಮುಂಚೆ ಯಾವಾಗಲಾದರೂ ಆಗಿರಲಿ. ಹೆದ್ದಾರಿಯಲ್ಲಿ ಪ್ರಯೋಗ ಬೇಡ.

ಇನ್ಸುಲಿನ್ ತೆಗೆದುಕೊಳ್ಳುವ ನಾಯಿ, ಬೆಕ್ಕು ಇದ್ದರೆ ಇದನ್ನು ಎರಡು ಸಲ ಓದಿ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ನೋಡಲು ಸರಿಯಾಗಿ ಕಂಡರೂ ಕೆಲಸ ಮಾಡುತ್ತದೆ ಅಂತ ನಂಬುವ ಹಾಗಿಲ್ಲ, ಎಸೆಯಬೇಕು. ಹಾಗಾಗಿ ಅದು ಡಿಕ್ಕಿಯಲ್ಲಿ ಇರಬಾರದು, ರಾತ್ರಿ ಗಾಡಿಯಲ್ಲಿ ಬಿಡಬಾರದು, ಐಸ್ ಪ್ಯಾಕಿಗೆ ನೇರವಾಗಿ ತಾಗಬಾರದು. ನೀವು ಎಲ್ಲಿದ್ದೀರೋ ಅಲ್ಲೇ ನಿಮ್ಮ ಕೈಚೀಲದಲ್ಲಿರಲಿ.

ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಅದರ ಸಂಖ್ಯೆಯ ಜೊತೆ ನೋಂದಾಯಿಸಿದ ಫೋನ್ ನಂಬರ್ ಈಗಲೂ ನಿಮ್ಮದೇನಾ ನೋಡಿ. ಚಿಪ್ ಇದ್ದು ನಂಬರ್ ಹಳೆಯದಾದರೆ ಉಪಯೋಗ ಏನು? ಹಿಮ ಬಿದ್ದ ಮೇಲೆ ನೆಲದ ವಾಸನೆ, ಗುರುತುಗಳೆಲ್ಲ ಮುಚ್ಚಿಹೋಗುತ್ತವೆ, ದಾರಿ ತಪ್ಪಿದ ನಾಯಿಗೆ ವಾಪಸ್ ಬರುವುದು ಕಷ್ಟ. ಕತ್ತಿನ ಪಟ್ಟಿಯಲ್ಲೂ ನಂಬರ್ ಇರಲಿ. ಸ್ವೆಟರ್ ಹಾಕಿದಾಗ ಪಟ್ಟಿ ಅದರ ಕೆಳಗೆ ಅಡಗಿಹೋಗುತ್ತದೆ ಅನ್ನುವುದು ನೆನಪಿರಲಿ.

ಗಾಡಿಯೊಳಗೆ

ಪ್ರಾಣಿಯನ್ನು ಹತ್ತಿಸುವ ಮೊದಲೇ ಗಾಡಿಯನ್ನು ಬೆಚ್ಚಗೆ ಮಾಡಿ. ಆದರೆ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಶುರು ಮಾಡಿ ಬಿಡಬೇಡಿ. ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇನ್ನೊಂದು ವಿಷಯ: ಹೊರಗೆ ನಿಲ್ಲಿಸಿದ ಗಾಡಿಯ ಬಾನೆಟ್ ಕೆಳಗೆ, ಚಕ್ರದ ಸಂದಿಯಲ್ಲಿ ಬೇರೆ ಯಾವುದೋ ಬೆಕ್ಕು ಬಿಸಿಗೆ ಅಂತ ಬಂದು ಮಲಗಿರಬಹುದು. ಶುರು ಮಾಡುವ ಮೊದಲು ಬಾನೆಟ್ ಮೇಲೆ ಎರಡು ಸಲ ತಟ್ಟಿ. ಖರ್ಚಿಲ್ಲದ ಕೆಲಸ.

ನಾಯಿ ಕ್ರೇಟಿನಲ್ಲಿ (ಸಾಗಿಸುವ ಪೆಟ್ಟಿಗೆಯಲ್ಲಿ) ಇರಲಿ, ಇಲ್ಲವೇ ಅಪಘಾತ ಪರೀಕ್ಷೆಯಲ್ಲಿ ಪಾಸಾದ ಹಾರ್ನೆಸ್ (ಎದೆಗೆ ಸುತ್ತಿ ಹಾಕುವ ಪಟ್ಟಿ) ಹಾಕಿ ಸೀಟ್ ಬೆಲ್ಟಿಗೆ ಕಟ್ಟಿರಲಿ. ಮಂಜುಗಟ್ಟಿದ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ನಿಮಗೇ ಗೊತ್ತಿರುವುದಿಲ್ಲ, ಇನ್ನು ಹಿಂದಿನ ಸೀಟಿನಲ್ಲಿ ಸಡಿಲವಾಗಿ ನಿಂತಿರುವ ನಾಯಿ ಎಲ್ಲಿಗೆ ಹಾರುತ್ತದೆ ಅಂತ ಹೇಗೆ ಗೊತ್ತಾಗುತ್ತದೆ? ಮಡಿಲಲ್ಲಿ ಕೂರಿಸಿಕೊಂಡು ಓಡಿಸುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳಿದರೆ ಜಗಳ ಆಗುತ್ತದೆ.

ಈಗ ಸ್ವೆಟರಿಗೆ ಬರೋಣ. ಗಾಡಿ ಬೆಚ್ಚಗಾದ ಮೇಲೆ ಅದನ್ನು ಬಿಚ್ಚಿಬಿಡಿ. ಮುಂದೆ ಕೂತ ನಮಗೆ ಹಿತವಾಗಿರುವ ಹೀಟರು, ದಪ್ಪ ಕೂದಲು ಜೊತೆಗೆ ದಪ್ಪ ಜಾಕೆಟ್ಟು ಹಾಕಿಕೊಂಡ ನಾಯಿಗೆ ಸೆಖೆ ಆಗುತ್ತದೆ. ನಾಲಿಗೆ ಚಾಚಿ ತೇಕುತ್ತಿದ್ದರೆ ಅದೇ ಅರ್ಥ. ಹಾಗೆ ಬೆಂದು ಹೋಗಿರುವಾಗ ಒಮ್ಮೆಲೇ ಚಳಿಗೆ ಇಳಿಸುವುದು, ಮತ್ತೆ ಒಳಗೆ ತಂದು ಬೇಯಿಸುವುದು, ಎರಡೂ ಬೇಡ. ಜಾಕೆಟ್ ಇರಬೇಕಾದ್ದು ಇಳಿಯುವಾಗ ಸಿಗುವ ಜಾಗದಲ್ಲಿ. ಎದೆ, ಹೊಟ್ಟೆ ಎರಡನ್ನೂ ಮುಚ್ಚುವ, ನೀರು ಒಳಗೆ ಬಿಡದ, ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರುವ ಜಾಕೆಟ್ ಸಾಕು. ಬರೀ ಬೆನ್ನು ಮುಚ್ಚುವ ಚಂದದ ಬಟ್ಟೆಯಿಂದ ಹೆಚ್ಚು ಪ್ರಯೋಜನ ಇಲ್ಲ. ಒದ್ದೆಯಾದ ಉಣ್ಣೆ ಸ್ವೆಟರಂತೂ ಹಾಕದಿದ್ದರೇ ವಾಸಿ.

ಹೀಟರ್ ಗಾಳಿ ಕ್ರೇಟಿಗೆ ನೇರವಾಗಿ ಬಡಿಯದ ಹಾಗೆ ತಿರುಗಿಸಿ. ಕ್ರೇಟಿನಲ್ಲಿರುವ ಪ್ರಾಣಿಗೆ ಎದ್ದು ಆ ಕಡೆ ಹೋಗಲು ಜಾಗ ಇರುವುದಿಲ್ಲ ಅಲ್ವಾ. ಇದೇ ಕಾರಣಕ್ಕೆ ಬಿಸಿನೀರಿನ ಬಾಟಲಿ ಇಟ್ಟರೂ ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದೇ ಬದಿಗೆ ಇಡಿ, ಇನ್ನೊಂದು ಬದಿ ಖಾಲಿ ಇರಲಿ. ಜೇಬಿಗೆ ಹಾಕಿಕೊಳ್ಳುವ ಕೈ ಬಿಸಿ ಮಾಡುವ ಪೊಟ್ಟಣಗಳನ್ನು ಒಳಗೆ ಹಾಕಲೇಬೇಡಿ. ಅವು ಚರ್ಮ ಸುಡುವಷ್ಟು ಬಿಸಿಯಾಗಬಲ್ಲವು, ಒಳಗಿರುವುದು ಕಬ್ಬಿಣದ ಪುಡಿ, ನಾಯಿ ಕಚ್ಚಿ ನುಂಗಿದರೆ ಇನ್ನೊಂದು ಗೋಳು.

ಊಟ ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮೊದಲು, ಸ್ವಲ್ಪವೇ. ಚಳಿ ಅಂತ ಜಾಸ್ತಿ ತಿನ್ನಿಸಬೇಕಿಲ್ಲ. ಹೊರಗೆ ಓಡಾಡುವ ನಾಯಿಗೆ ಚಳಿಯಲ್ಲಿ ಹೆಚ್ಚು ಶಕ್ತಿ ಬೇಕು, ಕೂತು ಪ್ರಯಾಣ ಮಾಡುವುದಕ್ಕೆ ಬೇಡ. ನೀರು ಮಾತ್ರ ಎಲ್ಲರೂ ಮರೆಯುವ ವಿಷಯ. ಹೀಟರ್ ಗಾಳಿ ತುಂಬ ಒಣ, ಬೇಸಿಗೆಯ ಹಾಗೆ ಬಾಯಾರಿಕೆ ಎದ್ದು ಕಾಣುವುದಿಲ್ಲ. ನಿಂತಾಗೆಲ್ಲ ಉಗುರುಬೆಚ್ಚಗಿನ ನೀರು ಮುಂದಿಡಿ. ಹಿಮ ತಿನ್ನುತ್ತಿದೆ, ನೀರು ಬೇಡ ಅಂದುಕೊಳ್ಳಬೇಡಿ. ಬಟ್ಟಲು ಸಿಲಿಕೋನ್ ಅಥವಾ ಪ್ಲಾಸ್ಟಿಕ್ ಇರಲಿ, ಕೊರೆಯುವ ಚಳಿಯಲ್ಲಿ ಲೋಹಕ್ಕೆ ಒದ್ದೆ ನಾಲಿಗೆ ಅಂಟಿಕೊಳ್ಳುತ್ತದೆ.

ಮತ್ತು ಆ ಐದು ನಿಮಿಷ. ಎಂಜಿನ್ ನಿಲ್ಲಿಸಿದ ಗಾಡಿಯ ಗಾಜು, ತಗಡು ಎರಡೂ ಬಿಸಿಯನ್ನು ಬೇಗ ಬಿಟ್ಟುಕೊಡುತ್ತವೆ. ಒಳಗಿನ ಪ್ರಾಣಿಗೆ ಓಡಾಡಿ ಬಿಸಿಯಾಗಲು ಜಾಗ ಇಲ್ಲ. ಹಾಗಂತ ಎಂಜಿನ್ ಹಾಗೇ ಓಡಲು ಬಿಟ್ಟು ಹೋದರೆ, ಹೊಗೆ ಕೊಳವೆಗೆ ಹಿಮ ಕಟ್ಟಿಕೊಂಡರೆ ಹೊಗೆ ಒಳಗೇ ಬರುತ್ತದೆ. ನಾಯಿ ಕಾಲು ತಾಗಿ ಲಾಕ್ ಬೀಳಬಹುದು, ಗಾಡಿ ಕಳ್ಳತನ ಆದರೆ ನಾಯಿಯೂ ಹೋಯಿತು. ಇಬ್ಬರಿದ್ದರೆ ಒಬ್ಬರು ಗಾಡಿಯಲ್ಲೇ ಕೂರಿ. ಒಬ್ಬರೇ ಇದ್ದರೆ ಪ್ರಾಣಿಯನ್ನು ಒಳಗೆ ಬಿಡುವ ಜಾಗಗಳನ್ನೇ ಹುಡುಕಿ ನಿಲ್ಲಿಸಿ.

ಇಳಿಸಿದಾಗ

ಎರಡು ಮೂರು ಗಂಟೆಗೊಮ್ಮೆ ನಿಲ್ಲಿಸಬೇಕು. ಬಾಗಿಲು ತೆಗೆಯುವ ಮೊದಲು ಹಗ್ಗ ಹಾಕಿರಬೇಕು, ಹಗ್ಗ ನಿಮ್ಮ ಕೈಯಲ್ಲಿರಬೇಕು, ಆಮೇಲೆ ಬಾಗಿಲು. ಜಾಕೆಟ್ ಮೇಲೆ ಹಾರ್ನೆಸ್ ಹಾಕುವುದಾದರೆ ಮನೆಯಲ್ಲೇ ಅಳತೆ ಸರಿ ಮಾಡಿಕೊಳ್ಳಿ. ಜಾಕೆಟ್ ಇಲ್ಲದಾಗಿನ ಅಳತೆ ಮೇಲಿಂದ ಹಾಕಿದಾಗ ಬಿಗಿಯಾಗುತ್ತದೆ, ಬಿಗಿ ಅಂತ ಸಡಿಲಿಸಿದರೆ ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ನುಸುಳಿಕೊಂಡುಬಿಡುತ್ತದೆ. ಕತ್ತಲು ಬೇಗ ಆಗುವ ಕಾಲ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯೋ ಚಿಕ್ಕ ದೀಪವೋ ಇರಲಿ.

ಹೆಪ್ಪುಗಟ್ಟಿದ ಕೆರೆ, ನದಿ ಹತ್ತಿರ ಹಗ್ಗ ಬಿಡಲೇಬಾರದು. ಮಂಜುಗಡ್ಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ನಾಯಿ ಬಿದ್ದರೆ ಹಿಂದೆಯೇ ನೀವು ಹೋಗಬೇಡಿ, ದಡದಲ್ಲೇ ನಿಂತು ಕರೆಯಿರಿ, ಸಹಾಯಕ್ಕೆ ಫೋನ್ ಮಾಡಿ.

ಪಾದಕ್ಕೆ ಬರೋಣ. ನಾಯಿಗಳು ಬರಿಗಾಲಲ್ಲಿ ಹಿಮದ ಮೇಲೆ ನಡೆಯುವುದು ಹೇಗೆ ಅಂತ ಆಶ್ಚರ್ಯ ಆಗುತ್ತದೆ. ಪಾದದೊಳಗೆ ಬಿಸಿ ರಕ್ತ ತರುವ ನಾಳ, ತಣ್ಣನೆ ರಕ್ತ ವಾಪಸ್ ಒಯ್ಯುವ ನಾಳ ಅಕ್ಕಪಕ್ಕದಲ್ಲೇ ಇವೆ, ಪಾದಕ್ಕೆ ಬರುವ ಬಿಸಿ ರಕ್ತ ವಾಪಸ್ ಹೋಗುವ ತಣ್ಣನೆ ರಕ್ತವನ್ನು ಬಿಸಿ ಮಾಡಿ ಕಳಿಸುತ್ತದೆ. ಚಳಿಗೆ ಇಷ್ಟು ಚೆನ್ನಾಗಿ ತಯಾರಾದ ಪಾದಕ್ಕೂ ರಸ್ತೆಗೆ ನಾವು ಸುರಿಯುವ ಉಪ್ಪಿನಿಂದ ರಕ್ಷಣೆ ಇಲ್ಲ. ಮಂಜು ಕರಗಿಸಲು ಹಾಕುವುದು ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಇಂಥವು. ಇದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಸೇರಿದಾಗ ಬಿಸಿ ಬಿಡುತ್ತದೆ, ಬೆರಳ ಸಂದಿಯಲ್ಲಿ ಕೂತರೆ ಉರಿ. ನಾಯಿ ಸುಮ್ಮನಿರುತ್ತದಾ, ನೆಕ್ಕುತ್ತದೆ. ನೆಕ್ಕಿದ್ದು ಹೊಟ್ಟೆಗೆ ಹೋಗಿ ವಾಂತಿ, ಭೇದಿ, ಜಾಸ್ತಿ ಹೋದರೆ ರಕ್ತದಲ್ಲಿ ಉಪ್ಪು ಏರಿ ನಡುಕ, ಫಿಟ್ಸ್‌ವರೆಗೂ ಹೋಗಬಹುದು.

ಬೂಟು ಹಾಕಿಸಿಕೊಳ್ಳುವ ನಾಯಿಗೆ ಬೂಟಿಗಿಂತ ಒಳ್ಳೆಯದಿಲ್ಲ, ಆದರೆ ಅದನ್ನು ವಾರಗಳ ಮೊದಲೇ ಮನೆಯೊಳಗೆ ಅಭ್ಯಾಸ ಮಾಡಿಸಬೇಕು. ಮೊದಲ ದಿನ ಅದು ನಡೆಯುವ ರೀತಿ ನೋಡಿ ನಗು ಬರುತ್ತದೆ, ನಕ್ಕುಬಿಡಿ, ಆದರೆ ಬಿಡದೆ ಅಭ್ಯಾಸ ಮಾಡಿಸಿ. ಬೂಟು ಒಪ್ಪದಿದ್ದರೆ ಪಾದಕ್ಕೆಂದೇ ಸಿಗುವ ಮೇಣ ಅಥವಾ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಇಳಿಸಿ. ಬೆರಳ ಸಂದಿಯ ಕೂದಲನ್ನು ಮೊದಲೇ ಕತ್ತರಿಸಿದ್ದರೆ ಅಲ್ಲಿ ಮಂಜಿನ ಉಂಡೆಗಳು ಕಟ್ಟುವುದು ಕಡಿಮೆ. ನಡೆಯುತ್ತಾ ನಡೆಯುತ್ತಾ ಒಂದೊಂದೇ ಕಾಲು ಎತ್ತಿ ನಿಲ್ಲುತ್ತಿದೆ ಅಂದರೆ ಸಾಕು, ವಾಪಸ್ ಬನ್ನಿ.

ವಾಪಸ್ ಬಂದು ಹತ್ತಿಸುವ ಮೊದಲಿನ ಎರಡು ನಿಮಿಷ ಬಹಳ ಮುಖ್ಯ. ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ನೀರು ಇಟ್ಟುಕೊಂಡು ನಾಲ್ಕೂ ಪಾದ, ಹೊಟ್ಟೆಯ ಕೆಳಭಾಗ ತೊಳೆಯಿರಿ, ಬೆರಳ ಸಂದಿ ಬಿಡದೆ ಒರೆಸಿ. ಟವೆಲ್ ಒಂದು ಸಾಲದು, ಒಂದು ನಿಲುಗಡೆಗೆ ಒಂದು ಒಣ ಟವೆಲ್ ಲೆಕ್ಕದಲ್ಲಿ ತುಂಬಿಕೊಳ್ಳಿ. ಒದ್ದೆ ಹೊಟ್ಟೆಯಲ್ಲಿ ಕೂತು ಮುಂದಿನ ನಿಲುಗಡೆಯಲ್ಲಿ ಮತ್ತೆ ಚಳಿಗೆ ಇಳಿದರೆ ಮೈ ತಣ್ಣಗಾಗುವುದು ಅಲ್ಲಿಂದಲೇ.

ಗಾಡಿಗಳು ನಿಲ್ಲುವ ಜಾಗದಲ್ಲಿ ನೆಲದ ಮೇಲಿನ ಹಸಿರು, ನೀಲಿ, ಗುಲಾಬಿ ಬಣ್ಣದ ನೀರಿಗೆ ಮೂಗು ಹಾಕಲು ಬಿಡಬೇಡಿ. ಅದು ರೇಡಿಯೇಟರಿನ ಕೂಲೆಂಟ್ ಇರಬಹುದು. ಬಹಳಷ್ಟು ಕೂಲೆಂಟುಗಳಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಬೆಕ್ಕನ್ನು ಸಾಯಿಸಲು ಒಂದೆರಡು ಚಮಚ ಸಾಕು. ಮೊದಲು ಕುಡಿದವರ ಹಾಗೆ ತೂರಾಡುತ್ತವೆ, ವಾಂತಿ ಮಾಡುತ್ತವೆ, ಆಮೇಲೆ ಸುಧಾರಿಸಿದ ಹಾಗೆ ಕಾಣುತ್ತವೆ. ಮೋಸ ಹೋಗುವುದು ಇಲ್ಲೇ, ಯಾಕೆಂದರೆ ಒಳಗೆ ಕಿಡ್ನಿಯಲ್ಲಿ ಹರಳು ಕಟ್ಟುತ್ತಾ ಇರುತ್ತದೆ. ಇದಕ್ಕೆ ಮದ್ದಿದೆ, ಫೊಮೆಪಿಜೋಲ್ ಅಂತ. ಅದು ಕೆಲಸ ಮಾಡುವುದು ಬೆಕ್ಕಿಗೆ ಸುಮಾರು 3 ಗಂಟೆಯೊಳಗೆ, ನಾಯಿಗೆ 8 ಗಂಟೆಯೊಳಗೆ ಕೊಟ್ಟರೆ. ನೆಕ್ಕಿದ್ದು ಕಂಡರೆ ಲಕ್ಷಣಕ್ಕೆ ಕಾಯಬೇಡಿ, ಸೀದಾ ಆಸ್ಪತ್ರೆ. ದಾರಿಯಲ್ಲಿರುವ, ರಾತ್ರಿಯೂ ತೆರೆದಿರುವ ಪಶು ಆಸ್ಪತ್ರೆಗಳ ನಂಬರುಗಳನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು ಅನ್ನುವುದು ಇದಕ್ಕೇ. ಚಳಿಯಲ್ಲಿ ಫೋನ್ ಬ್ಯಾಟರಿ ನಂಬುವ ಹಾಗಿಲ್ಲ.

ಬೆಕ್ಕು, ಮತ್ತೆ ಪುಟ್ಟವು

ಬೆಕ್ಕನ್ನು ದಾರಿಯಲ್ಲಿ ಇಳಿಸುವ ಅಗತ್ಯವೇ ಇಲ್ಲ. ಪೆಟ್ಟಿಗೆಯಲ್ಲಿ ಅದರದೇ ವಾಸನೆ ಇರುವ ಹಳೆಯ ಬಟ್ಟೆ ಹಾಸಿ, ಮೇಲೆ ಹೊದಿಕೆ ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ. ಉಳಿದದ್ದು ಅದರ ಕೂಗು. ಅದಕ್ಕೆ ಉಪಾಯ ಇಲ್ಲ, ಕೇಳಿಸಿಕೊಳ್ಳಿ. ಪೆಟ್ಟಿಗೆಯ ಬಾಗಿಲು ತೆಗೆಯುವ ಕೆಲಸ ಏನಿದ್ದರೂ ಗಾಡಿಯ ಎಲ್ಲ ಬಾಗಿಲು, ಕಿಟಕಿ ಮುಚ್ಚಿದ ಮೇಲೆ.

ಗಿನಿಪಿಗ್‌ಗೆ 15 ಡಿಗ್ರಿಗಿಂತ ಕೆಳಗೆ ಕಷ್ಟ. ಮೊಲಕ್ಕೆ ಚಳಿ ಪರವಾಗಿಲ್ಲ, ಆದರೆ ಹೆದರಿಕೆಯಿಂದ ತಿನ್ನುವುದು ಬಿಡುತ್ತದೆ. 12 ಗಂಟೆ ಏನೂ ತಿಂದಿಲ್ಲ ಅಂದರೆ ಅದರ ಕರುಳು ನಿಂತುಹೋಗುತ್ತಿದೆ ಅಂತ ತಿಳಿದು ವೆಟ್ ಹತ್ತಿರ ಓಡಬೇಕು, ಹಾಗಾಗಿ ಒಣಹುಲ್ಲು ಸದಾ ಮುಂದಿರಲಿ. ಹ್ಯಾಮ್‌ಸ್ಟರ್ 5 ಡಿಗ್ರಿ ಆಸುಪಾಸಿನ ಚಳಿಗೆ ಸಿಕ್ಕಿದರೆ ಸತ್ತ ಹಾಗೆ ಬಿದ್ದುಬಿಡಬಹುದು, ಉಸಿರು ತುಂಬ ನಿಧಾನ. ಸತ್ತಿದೆ ಅಂತ ಅವಸರ ಮಾಡಬೇಡಿ, ಅಂಗೈಯಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಿ, ವೆಟ್‌ಗೆ ತೋರಿಸಿ. ಹಕ್ಕಿಯ ಪಂಜರದ ಮೂರು ಬದಿ ಮುಚ್ಚಿ, ಗಾಡಿ ಪೂರ್ತಿ ಬೆಚ್ಚಗಾದ ಮೇಲೇ ಹೊರಗೆ ತನ್ನಿ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ ಅದು ಒಳ್ಳೆಯ ಲಕ್ಷಣ ಅಲ್ಲ. ಹಾವು, ಹಲ್ಲಿ ಸಾಕಿದವರು ಹೊರಡುವ ಎರಡು ಮೂರು ದಿನ ಮೊದಲೇ ಊಟ ನಿಲ್ಲಿಸಿ, ಮೈ ತಣ್ಣಗಿದ್ದರೆ ಅವಕ್ಕೆ ತಿಂದದ್ದು ಜೀರ್ಣವಾಗುವುದಿಲ್ಲ. ಒಯ್ಯುವುದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಗಾಳಿಗೆ ತೂತು ಮಾಡಿ.

ವಿಮಾನ

ಪೆಟ್ಟಿಗೆ ಕಾಲ ಕೆಳಗೆ ಇಡಲು ಬಿಡುವಷ್ಟು ಚಿಕ್ಕ ಪ್ರಾಣಿಯಾದರೆ ಒಳಗೇ ಕರೆದುಕೊಂಡು ಹೋಗಿ, ಬೇರೆ ಯೋಚನೆ ಬೇಡ. ಸಾಮಾನು ಹಾಕುವ ಜಾಗದಲ್ಲಿ ಕಳಿಸಬೇಕಾದರೆ ತಿಳಿದಿರಲಿ: ಪ್ರಾಣಿಗಳನ್ನು ಒಯ್ಯುವ ಆ ಜಾಗಕ್ಕೆ ಹಾರುವಾಗ ಗಾಳಿಯ ಒತ್ತಡವೂ ಇರುತ್ತದೆ, ಬಿಸಿಯೂ ಇರುತ್ತದೆ. ಚಳಿ ಹಿಡಿಯುವುದು ನೆಲದ ಮೇಲೆ, ವಿಮಾನದ ಪಕ್ಕ ಗಾಡಿಯಲ್ಲಿ ಕಾಯುವಾಗ. ಅದಕ್ಕೇ ಕೆಲವು ವಿಮಾನ ಸಂಸ್ಥೆಗಳು ಹೊರಡುವ ಅಥವಾ ಇಳಿಯುವ ಕಡೆ ಸುಮಾರು 7 ಡಿಗ್ರಿಗಿಂತ ಕಡಿಮೆ ಇದ್ದರೆ, ಈ ಪ್ರಾಣಿಗೆ ಚಳಿ ಅಭ್ಯಾಸ ಇದೆ ಅಂತ ವೆಟ್ ಬರೆದ ಪತ್ರ ಕೇಳುತ್ತವೆ, ಇನ್ನು ಕೆಲವು ತೆಗೆದುಕೊಳ್ಳುವುದೇ ಇಲ್ಲ. ಟಿಕೆಟ್ ಮಾಡುವ ಮೊದಲು ಫೋನ್ ಮಾಡಿ ಕೇಳಿ. ಮಧ್ಯೆ ಇಳಿದು ಹತ್ತುವ ವಿಮಾನ ಬೇಡ, ನೇರ ಹೋಗುವುದೇ ಇರಲಿ. ಬೇಸಿಗೆಯಲ್ಲಿ ಬೆಳಗ್ಗೆ ಹೊರಡಿ ಅನ್ನುತ್ತಾರಲ್ಲ, ಚಳಿಯಲ್ಲಿ ಉಲ್ಟಾ, ಮಧ್ಯಾಹ್ನದ್ದು ಹಿಡಿಯಿರಿ. ಕ್ರೇಟಿನಲ್ಲಿ ಪ್ರಾಣಿ ತಲೆ ತಗ್ಗಿಸದೆ ನಿಲ್ಲಬೇಕು, ತಿರುಗಬೇಕು, ಮಲಗಬೇಕು. ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂಗಿನವಕ್ಕೆ ಅಲ್ಲಿ ಉಸಿರಾಟದ ತೊಂದರೆ ಜಾಸ್ತಿ, ಅನೇಕ ಸಂಸ್ಥೆಗಳು ಅವನ್ನು ಒಪ್ಪುವುದಿಲ್ಲ. ಒಪ್ಪಿದರೂ ನಾನಾದರೆ ಕಳಿಸುವುದಿಲ್ಲ.

ರಾತ್ರಿ ತಂಗುವ ಜಾಗ

ಒಳಗೆ ಹೋದ ತಕ್ಷಣ ಪ್ರಾಣಿಯನ್ನು ಬಿಡಬೇಡಿ. ಮೊದಲು ನೀವು ಮಂಡಿಯೂರಿ ಮಂಚದ ಕೆಳಗೆ, ಮೂಲೆಗಳಲ್ಲಿ ನೋಡಿ. ಚಳಿಗೆ ಇಲಿಗಳು ಮನೆಯೊಳಗೆ ಸೇರುತ್ತವೆ, ಹಾಗಾಗಿ ಇಲಿ ಪಾಷಾಣ ಇಟ್ಟಿರುತ್ತಾರೆ. ಬಹಳ ದಿನ ಮುಚ್ಚಿದ್ದ ಮನೆಗಳಲ್ಲಿ ಕೊಳವೆ ಒಡೆಯದಿರಲಿ ಅಂತ ಟಾಯ್ಲೆಟ್ ಒಳಗೂ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದ ಹಾಗೆ ತಡೆಯುವ ದ್ರವ) ಸುರಿದಿರುವುದುಂಟು. ಎರಡು ಸಲ ಫ್ಲಶ್ ಮಾಡಿ, ಮುಚ್ಚಳ ಹಾಕಿ. ಉರಿಯುವ ಹೀಟರ್ ಜೊತೆ ಪ್ರಾಣಿಯನ್ನು ಒಂಟಿಯಾಗಿ ಬಿಡಬೇಡಿ, ಬಾಲ ತಾಗಿ ಬೀಳಿಸಿದರೆ ಬೆಂಕಿ. ಸೀಮೆಎಣ್ಣೆ ಅಥವಾ ಗ್ಯಾಸ್ ಹೀಟರ್ ಇದ್ದರೆ ಕಿಟಕಿ ಸ್ವಲ್ಪ ತೆರೆದಿರಲಿ, ಮಲಗುವ ಮೊದಲು ಆರಿಸಿ. ಹಾಸಿಗೆ ನೆಲದಿಂದ ಮೇಲಿರಲಿ, ತಣ್ಣನೆ ನೆಲ ರಾತ್ರಿಯಿಡೀ ಮೈಬಿಸಿ ಎಳೆಯುತ್ತದೆ.

ದಾರಿಯಲ್ಲೇ ಸಿಕ್ಕಿಹಾಕಿಕೊಂಡರೆ

ಹಿಮದಲ್ಲಿ ಗಾಡಿ ಹೂತುಹೋದರೆ ಗಾಡಿಯಲ್ಲೇ ಇರಿ. ನಾಯಿ ಕರೆದುಕೊಂಡು ನಡೆದು ಹೋಗುವ ಸಾಹಸ ಬೇಡ. ಹೊಗೆ ಕೊಳವೆಯ ಸುತ್ತ ಹಿಮ ತೆಗೆದು, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಆಗ ಗಾಳಿ ಬೀಸದ ಬದಿಯ ಕಿಟಕಿ ಒಂದು ಚೂರು ಇಳಿಸಿರಿ. ಎಲ್ಲರೂ ಒಂದೇ ಕಂಬಳಿಯೊಳಗೆ ಸೇರಿಕೊಳ್ಳಿ, ಪ್ರಾಣಿಯ ಮೈಬಿಸಿ ನಿಮಗೆ, ನಿಮ್ಮದು ಅದಕ್ಕೆ. ಇದಕ್ಕೆಂದೇ ಒಂದು ಚೀಲದಲ್ಲಿ ಎರಡು ಮೂರು ದಿನದ ಊಟ, ನೀರು, ಔಷಧಿ, ಕಂಬಳಿ, ಟಾರ್ಚು, ಪವರ್ ಬ್ಯಾಂಕು, ಸಣ್ಣ ಸಲಿಕೆ. ಚೀಲ ಡಿಕ್ಕಿಯಲ್ಲಿ ಬೇಡ, ಬಾಗಿಲು ಮಂಜುಗಟ್ಟಿ ತೆಗೆಯಲು ಬಾರದಿದ್ದರೆ ಏನು ಮಾಡುತ್ತೀರಿ, ಹಿಂದಿನ ಸೀಟಿನಲ್ಲಿರಲಿ.

ಮೈ ತಣ್ಣಗಾದರೆ

ನಾಯಿ, ಬೆಕ್ಕಿನ ಮೈಬಿಸಿ ನಮಗಿಂತ ಜಾಸ್ತಿ, 38ರಿಂದ 39.2 ಡಿಗ್ರಿ ಆಸುಪಾಸು. ಚೀಲದಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲಿ, ತುದಿಗೆ ಜೆಲ್ ಹಚ್ಚಿ ಗುದದ್ವಾರದಲ್ಲಿ ನೋಡಬೇಕು, ಮೂಗು ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. 37ಕ್ಕಿಂತ ಕೆಳಗಿದ್ದರೆ ವೆಟ್‌ಗೆ ಫೋನ್ ಮಾಡಿ. ಮೊದಲು ನಡುಕ, ಮುದುಡಿ ಕೂರುವುದು, ನಡೆಯಲು ಒಲ್ಲೆ ಅನ್ನುವುದು. ಆಮೇಲೆ ಮಂಕು, ಎಡವುವುದು, ನಿಧಾನ ಉಸಿರು. ನಡುಗುತ್ತಿದ್ದ ನಾಯಿ ಬೆಚ್ಚಗಾಗದೆಯೇ ನಡುಗುವುದು ನಿಲ್ಲಿಸಿದರೆ ಅದು ವಾಸಿಯಾಗಿದೆ ಅಂತಲ್ಲ, ನಡುಗುವ ಶಕ್ತಿಯೂ ಹೋಗಿದೆ ಅಂತ.

ಒದ್ದೆ ಬಟ್ಟೆ ತೆಗೆದು, ಒರೆಸಿ, ಕಂಬಳಿ ಸುತ್ತಿ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಎದೆ, ಹೊಟ್ಟೆಯ ಹತ್ತಿರ ಇಡಿ, ಕಾಲುಗಳಿಗೆ ಬೇಡ. ಕಾಲು ಮೊದಲು ಬಿಸಿಯಾದರೆ ಅಲ್ಲಿನ ತಣ್ಣನೆ ರಕ್ತ ಹೃದಯಕ್ಕೆ ಹರಿದು ಒಳಗಿನ ಬಿಸಿ ಇನ್ನೂ ಇಳಿಯುತ್ತದೆ. ಬಿಸಿನೀರಿನ ಸ್ನಾನ, ಹೇರ್ ಡ್ರೈಯರ್ ಬೇಡ. ತುಂಬ ತಣ್ಣಗಾಗಿದ್ದರೆ ಜೋರಾಗಿ ಎತ್ತಾಡಬೇಡಿ, ತಣ್ಣಗಾದ ಹೃದಯದ ಬಡಿತ ಸುಲಭವಾಗಿ ತಪ್ಪುತ್ತದೆ. ಎಚ್ಚರ ಇದ್ದರೆ ಬೆಚ್ಚನೆ ನೀರು ಕೊಡಬಹುದು, ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಕಿವಿ ತುದಿ, ಬಾಲದ ತುದಿ, ಬೆರಳುಗಳು ಬಿಳಿಚಿಕೊಂಡು ಅಥವಾ ನೀಲಿಯಾಗಿ ಗಟ್ಟಿಯಾಗಿದ್ದರೆ ಅದು ಹಿಮಗಾಯ. ಉಜ್ಜಬೇಡಿ, ಉಜ್ಜಿದರೆ ಹೆಪ್ಪುಗಟ್ಟಿದ ಚರ್ಮ ಒಳಗಿಂದಲೇ ಹರಿಯುತ್ತದೆ. ಮತ್ತೆ ಚಳಿಗೆ ಸಿಗುವ ಸಾಧ್ಯತೆ ಇದ್ದರೆ ಕರಗಿಸಲೂ ಹೋಗಬೇಡಿ, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಜಾಸ್ತಿ. ಬೆಚ್ಚಗಿನ ಜಾಗ ಸೇರಿದ ಮೇಲೆ 40ರಿಂದ 42 ಡಿಗ್ರಿ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು, ಒತ್ತಿ ಒರೆಸಿ, ವೆಟ್ ಹತ್ತಿರ ಕರೆದುಕೊಂಡು ಹೋಗಿ. ನಾವು ಕುಡಿಯುವ ನೋವಿನ ಮಾತ್ರೆ ಕೊಡಬೇಡಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಹಿಮಗಾಯ ಎಷ್ಟು ಆಳಕ್ಕೆ ಹೋಗಿದೆ ಅನ್ನುವುದು ಅವತ್ತೇ ಕಾಣುವುದಿಲ್ಲ, ಚರ್ಮ ಕಪ್ಪಾಗಿ ಸುಲಿಯಲು ಕೆಲವು ದಿನ ಹಿಡಿಯುತ್ತದೆ. ಹಾಗಾಗಿ ಊರು ಸೇರಿದ ಮೇಲೂ ಒಂದು ವಾರ ದಿನಾ ಒಂದು ಸಲ ಕಿವಿ, ಬಾಲ, ಬೆರಳ ಸಂದಿ ಬಿಡಿಸಿ ನೋಡಿ.